ರೆಕ್ಕೆಯ ಕಂಡಿಯಲ್ಲಿ ಪದ್ಮರಾಜಯ್ಯನ ಪರಾಕ್ರಮ

ಲೋಹವು ಹಗುರಾಗಲು ಹಾತೊರೆದ, ಮನುಷ್ಯನು ಮಾತ್ರ ದಿನೇ ದಿನೇ ಭಾರವಾಗುತ್ತ ಹೋದ ಈ ಯುಗದಲ್ಲಿ, ಗುಂಡುಸೂಜಿಯ ತೂಕಕ್ಕೂ ಗುದ್ದಾಡುವ ವಿಮಾನಶಿಲ್ಪಿಗಳ ಕುಲದಲ್ಲಿ ಅವತರಿಸಿದ, ಬಲಾಬಲಗಣನಾಚತುರ, ಕ್ಯಾಲ್ಕುಲೇಟರ್‌ಪಾಣಿ, ಬಿರುಕುಭಯಂಕರ ಪದ್ಮರಾಜಯ್ಯನ ಕೀರ್ತಿಯನ್ನು ಹಾಡಲು, ಎಲೆ ವಾಗ್ದೇವಿಯೇ, ನನ್ನ ನಾಲಗೆಗೆ ಶಕ್ತಿ ಕೊಡು. ಅವನ ಹೊಟ್ಟೆಯ ಪ್ರಸ್ತಾಪ ಬಂದಾಗ ನಗದಂತೆ ಕಾಪಾಡು.

ಕಲಹದ ಮೂಲ ಒಂದು ತೂತು. ಹೊಸ ವಿಮಾನದ ರೆಕ್ಕೆಯ ಅಡಿಯಲ್ಲಿ, ಆಳೊಬ್ಬ ಒಳಹೊಕ್ಕು ರಿವೆಟ್ ಬಡಿಯಲೆಂದು ಕೊರೆದ ಅಂಡಾಕಾರದ ಕಂಡಿ. ಅದು ಇಕ್ಕಟ್ಟೆಂದು ಕೆಲಸಗಾರರು ಮೊರೆಯಿಡಲು, ನಕ್ಷೆವಿಭಾಗದ ಒಡತಿ, ಪೆನ್ಸಿಲ್‌ಖಡ್ಗಧಾರಿಣಿ ವಿಶಾಲಾಕ್ಷಿಯು ಎರಡಿಂಚು ಹಿಗ್ಗಿಸಬೇಕೆಂದಳು. ತೂತು ಹಿಗ್ಗಿದರೆ ರೆಕ್ಕೆಯ ಬಲ ಕುಗ್ಗುವುದು; ಆಗ ಪದ್ಮರಾಜಯ್ಯನು ತನ್ನ ಲೆಕ್ಕವನ್ನೆಲ್ಲ ಮೊದಲಿನಿಂದ ಮಾಡಬೇಕಾಗುವುದು; ಅದಕ್ಕೆ ಎರಡು ತಿಂಗಳಾದರೂ ಬೇಕೆಂದು ಅವನೇ ಸಾರಿದ್ದನು. ಅವನ ಸಹಿಯಿಲ್ಲದೆ ನಕ್ಷೆಯ ಒಂದು ಗೆರೆಯೂ ಅಲುಗದು. ರೆಕ್ಕೆಯ ಚಿಂತೆಗಿಂತ ಲೆಕ್ಕದ ಚಿಂತೆಯೇ ಅವನನ್ನು ಹೆಚ್ಚು ಕಾಡಿತೆಂಬುದನ್ನು ಮುಚ್ಚಿಡಲಾರೆ.

"ಎಲೌ ವಿಶಾಲಾಕ್ಷೀ!" ಎಂದು ಅವನು ಹ್ಯಾಂಗರಿನ ತಗಡುಗಳು ನಡುಗುವಂತೆ ಗರ್ಜಿಸಿದನು. "ಪ್ರಳಯಮಾರುತಕ್ಕೂ ಬಾಗದ ಈ ರೆಕ್ಕೆಯ ಗಾಯವನ್ನು ದೊಡ್ಡದು ಮಾಡೆನ್ನುವೆಯಾ? ಇಕ್ಕಟ್ಟೆಂಬುದು ಸೋಮಾರಿಗಳ ಸುಳ್ಳು! ಇಗೋ, ನಾನೇ ಹೊಕ್ಕು ಹೊರಬರುವೆನು!"

"ಊಟ ಆಗಿದೆಯಾ ಸಾರ್?" ಎಂದಳು ಅವಳು.

ಆಗಿತ್ತು. ಅಂದು ಕ್ಯಾಂಟೀನಿನಲ್ಲಿ ಮುದ್ದೆ, ಅವರೆಕಾಳಿನ ಸಾರು. ವೀರನು ಎರಡನೆಯ ಮುದ್ದೆಯನ್ನೂ ನಿರಾಕರಿಸಿರಲಿಲ್ಲ.

ತೋಳುಗಳನ್ನು ಮುಂಚಾಚಿ, ಇಬ್ಬರು ಭಟರು ಕೆಳಗಿನಿಂದ ಕಾಲು ಹಿಡಿದು ನೂಕಲು, ಆ ಶೂರನು ರೆಕ್ಕೆಯೊಳಗೆ ಅಂತರ್ಧಾನನಾದನು. ಜಯಘೋಷವೆದ್ದಿತು. ಆದರೆ ಹೊರಬರುವಾಗ ಒಳಗಿನಿಂದ ನೂಕುವವರು ಯಾರಿದ್ದಾರೆ? ಮೊದಲು ಪಾದಗಳು ಬಂದವು, ಮೊಣಕಾಲು ಬಂತು, ತೊಡೆ ಬಂತು. ಅಲ್ಲಿಗೆ ಅವತಾರ ನಿಂತಿತು. ಎಳೆದರೂ ಇಲ್ಲ, ಜಗ್ಗಿದರೂ ಇಲ್ಲ. ಅಲ್ಯೂಮಿನಿಯಂ ಪಕ್ಕೆಲುಬುಗಳ ನಡುವಿನ ಆ ಕತ್ತಲಲ್ಲಿ ಬಿರುಕುಭಯಂಕರನಿಗೆ ನಿಜಕ್ಕೂ ಹೆದರಿಕೆಯಾಯಿತು.

"ಮೇಡಂ," ಎಂದಿತು ರೆಕ್ಕೆ. "ಇದೀರಾ?"

"ಇಲ್ಲೇ ಇದೀನಿ ಸಾರ್."

"ಒಂದಿಂಚು ಸಾಕಲ್ವಾ?"

"ಎರಡು, ಸಾರ್."

ಕಾಲುಗಳು ಇನ್ನೊಮ್ಮೆ ಒದ್ದಾಡಿ ನೋಡಿದವು. "ಹೂಂ. ನಕ್ಷೆ ತನ್ನಿ. ಪೆನ್ನೂ ತನ್ನಿ."

ಕಾಲುಗಳು ಒಳಸರಿದವು, ಏನೇನೋ ಮಗುಚಿಕೊಂಡ ಸದ್ದಾಗಿ, ಕಂಡಿಯಿಂದ ಒಂದು ಕೈ ಇಳಿಯಿತು. ವಿಶಾಲಾಕ್ಷಿ ಹಿಡಿದ ಹಲಗೆಯ ಮೇಲೆ ಆ ಕೈ, ಏನೂ ಕಾಣದೆಯೇ, ಸಹಿ ಹಾಕಿತು.

"ಹಾಕಾಯ್ತಲ್ಲಮ್ಮಾ! ಈಗ ಬೇಗ ಕೊರೆಸಿ, ಉಸಿರು ಕಟ್ತಿದೆ."

"ಈಗ್ಲೇ ಹೆಂಗೆ ಸಾರ್ ಕೊರೆಯೋದು?" ವಿಶಾಲಾಕ್ಷಿ ನಕ್ಷೆ ಸುತ್ತುತ್ತ ಅಂದಳು. "ನೀವು ಹೊಸ ಲೆಕ್ಕ ಮಾಡ್ಕೊಡ್ಬೇಕಲ್ಲ. ಎರಡು ತಿಂಗಳಾದ್ರೂ ಬೇಕು ಅಂತ ನೀವೇ ಹೇಳಿದ್ರಿ."

ತರುವಾಯ ಒಂದು ಬಕೆಟ್ ಸಾಬೂನು ನೀರು ತರಿಸಲಾಯಿತು. ವೀರನು ಹೊರಬಂದನು. ಪ್ಯಾಂಟು ಆಮೇಲೆ ಬಂತು.