ರಿಜೆಕ್ಟ್ ಸ್ಟಿಕ್ಕರಿನ ಮಹಿಮೆ

ಯಾರಾದರೂ ಹೊಗಳಿದರೆ ಆ ಹೊಗಳಿಕೆ ನಿಜವಾಗಿ ನನಗೇ ಸಲ್ಲಬೇಕಾದದ್ದೋ ಅಲ್ಲವೋ ಎಂದು ವಿಚಾರಿಸುವ ಅಭ್ಯಾಸ ನನಗಿಲ್ಲ. ಬೈದರೆ ಮಾತ್ರ ಕೂಲಂಕಷವಾಗಿ ವಿಚಾರಿಸುತ್ತೇನೆ. ಯಾರು ಬೈದರು, ಯಾಕೆ ಬೈದರು, ಪಕ್ಕದವನಿಗೆ ಬೈಯಬೇಕಾದ್ದನ್ನು ಕೈತಪ್ಪಿ ನನಗೆ ಬೈದುಬಿಟ್ಟರೇ ಎಂದೆಲ್ಲ. ಹೊಗಳಿಕೆ ಮಾತ್ರ ತಪ್ಪು ವಿಳಾಸಕ್ಕೆ ಬಂದಿದ್ದರೂ ಸಹಿ ಹಾಕಿ ತೆಗೆದುಕೊಂಡುಬಿಡುತ್ತೇನೆ. ಹೀಗೆ ಸುಮಾರು ಆರು ತಿಂಗಳ ಕಾಲ ನಾನು ನಮ್ಮ ಬಂಧುಬಳಗದಲ್ಲಿ ಭಾರೀ ಛಾಯಾಗ್ರಾಹಕ ಎನಿಸಿಕೊಂಡಿದ್ದೆ. ಆ ಆರು ತಿಂಗಳು ಹೆಂಡತಿಯ ತವರಿನಲ್ಲಿ ನನಗೆ ಎರಡನೇ ಸಲ ಕಾಫಿ ಬೇಕಾ ಎಂದು ಕೇಳುತ್ತಿದ್ದರು. ಅದಕ್ಕೆ ಮುಂಚಿನ ಹದಿನಾಲ್ಕು ವರ್ಷ ಮೊದಲನೇ ಸಲದ ಕಾಫಿಯನ್ನೇ ನಾನು ಬಾಯಿಬಿಟ್ಟು ಕೇಳಬೇಕಾಗಿತ್ತು.

ನನಗೆ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿ ಕೆಲಸ. ಯಾವ್ಯಾವುದೋ ಯಂತ್ರಗಳ ಹೊಟ್ಟೆಯೊಳಗೆ ಕೂರುವ ಸಣ್ಣ ಸಣ್ಣ ಉಕ್ಕಿನ ಬಿಡಿಭಾಗಗಳನ್ನು ದೀಪದ ಕೆಳಗಿಟ್ಟು, ಭೂತಗನ್ನಡಿಯಲ್ಲಿ ನೋಡಿ, ಗೀರೋ ಕಲೆಯೋ ಕಂಡರೆ ‘ರಿಜೆಕ್ಟ್’ ಎಂದು ಅಚ್ಚಾದ ದುಂಡನೆಯ ಕೆಂಪು ಸ್ಟಿಕ್ಕರ್ ಅಂಟಿಸುವುದು ನನ್ನ ಉದ್ಯೋಗ. ಕೂದಲೆಳೆಯಷ್ಟು ಗೀರಿದ್ದರೂ ನನ್ನ ಕಣ್ಣು ತಪ್ಪಿಸಿಕೊಳ್ಳಲಾರದು ಎಂದು ಪ್ರತೀತಿ. ಆ ಪ್ರತೀತಿಯನ್ನು ಹಬ್ಬಿಸಿದವನು ನಾನೇ. ಗುಂಡಿ ಒತ್ತುವ ಫೋನುಗಳ ಕಾಲ ಮುಗಿದು ಎಲ್ಲರ ಜೇಬಿಗೂ ಸ್ಮಾರ್ಟ್‌ಫೋನ್ ಬಂದಾಗ ನಮ್ಮ ಮ್ಯಾನೇಜ್‌ಮೆಂಟಿಗೆ ದಿಗಿಲಾಯಿತು. ಗಿರಾಕಿಗಳ ಡ್ರಾಯಿಂಗುಗಳನ್ನು ಯಾರಾದರೂ ಫೋಟೋ ಹೊಡೆದುಕೊಂಡು ಹೋದರೆ? ಹಾಗಂತ ಫೋನನ್ನೇ ಗೇಟಿನಲ್ಲಿ ಕಿತ್ತಿಟ್ಟುಕೊಂಡರೆ ಗಲಾಟೆಯಾಗುತ್ತದೆ. ಕೊನೆಗೆ, ಬೆಳಗ್ಗೆ ಒಳಗೆ ಬರುವಾಗ ಕ್ಯಾಮೆರಾ ಮೇಲೆ ಸ್ಟಿಕ್ಕರ್ ಅಂಟಿಸುವುದು, ಸಂಜೆ ಹೊರಗೆ ಹೋಗುವಾಗ ಕೀಳುವುದು ಎಂದು ತೀರ್ಮಾನವಾಯಿತು. ಅದಕ್ಕೆಂದು ಬೇರೆ ಸ್ಟಿಕ್ಕರ್ ತರಿಸುವುದು ಯಾಕೆ, ಕ್ವಾಲಿಟಿಯವರ ಹತ್ತಿರ ರಾಶಿ ಬಿದ್ದಿದೆಯಲ್ಲ ಎಂದರು. ಅಂದಿನಿಂದ ನನ್ನ ಫೋನು ದಿನಕ್ಕೆ ಒಂಬತ್ತು ಗಂಟೆ ಕಾಲ ಬೆನ್ನ ಮೇಲೆ ‘ರಿಜೆಕ್ಟ್’ ಎಂದು ಬರೆಸಿಕೊಂಡು ಬದುಕತೊಡಗಿತು.

ಅಂಟಿಸುವವನು ಗೇಟಿನ ಸೆಕ್ಯೂರಿಟಿ ಬಸಣ್ಣ, ಬಾಗಲಕೋಟೆ ಕಡೆಯವನು. “ಕೊಡ್ರಿ ಸರ, ನಿಮ್ಮ ಫೋನಿಗೆ ಕುಂಕುಮ ಹಚ್ಚತೀನಿ” ಎಂದು ದಿನಾ ಕೈ ಚಾಚುತ್ತಿದ್ದ. ಅಂಟಿಸಿ, ಹೆಬ್ಬೆರಳಿನಿಂದ ಮೂರು ಸಲ ತಿಕ್ಕುತ್ತಿದ್ದ. ಸಂಜೆ ಉಗುರಿನಿಂದ ಚಕ್ಕನೆ ಕೀಳುತ್ತಿದ್ದ. ನಾನು ಫೋನನ್ನು ಜೇಬಿಗಿಳಿಸಿ ಲಗ್ಗೆರೆಯ ಮನೆ ಸೇರುತ್ತಿದ್ದೆ. ಲೆನ್ಸಿನ ಕಡೆ ಒಂದು ದಿನವೂ ತಿರುಗಿ ನೋಡಲಿಲ್ಲ. ಮನೆಗೆ ಹೋದ ಮೇಲೂ ಕ್ವಾಲಿಟಿ ನೋಡುತ್ತ ಕೂರಲು ನನಗೇನು ಹುಚ್ಚೇ?

ನನ್ನ ಪ್ರತಿಭೆ ಮೊದಲು ಬೆಳಕಿಗೆ ಬಂದದ್ದು ಚಂದಾಪುರದಲ್ಲಿ, ನನ್ನ ಹೆಂಡತಿ ಗಿರಿಜಳ ಅಕ್ಕನ ಮೊಮ್ಮಗುವಿನ ನಾಮಕರಣದಲ್ಲಿ. ಎಲ್ಲರೂ ತೆಗೆದ ಹಾಗೆ ನಾನೂ ನಾಲ್ಕು ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಹತ್ತು ನಿಮಿಷದಲ್ಲಿ ಗ್ರೂಪು ಗದ್ದಲವೋ ಗದ್ದಲ. ಬೇರೆಯವರ ಫೋಟೋಗಳಲ್ಲಿ ಎಲ್ಲರೂ ಇದ್ದ ಹಾಗೇ ಇದ್ದರು, ಬೆವೆತು, ಕಪ್ಪಿಟ್ಟು, ಊಟಕ್ಕೆ ಯಾವಾಗ ಕೂರಿಸುತ್ತಾರೋ ಎಂಬ ಮುಖದಲ್ಲಿ. ನನ್ನವುಗಳಲ್ಲಿ ಮಾತ್ರ ಹಾಲಿನಲ್ಲಿ ಅದ್ದಿ ತೆಗೆದಂತೆ ಹೊಳೆಯುತ್ತಿದ್ದರು. ಸುಕ್ಕಿಲ್ಲ, ಮೊಡವೆಯಿಲ್ಲ, ತಲೆಯ ಹಿಂದೆ ಒಂದು ತೆಳು ಪ್ರಭೆ ಬೇರೆ. “ಅಳಿಯಂದ್ರ ಕೈಯಲ್ಲಿ ಏನೋ ಇದೆ” ಎಂದು ನಮ್ಮ ಅತ್ತೆ ಘೋಷಿಸಿದರು. ಅತ್ತೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಹೇಳುವುದನ್ನೇ ಕೇಳಿ ಅಭ್ಯಾಸವಾಗಿದ್ದ ನಾನು, ಆ ಮಾತನ್ನು ಗಿರಿಜಳಿಂದ ಇನ್ನೊಮ್ಮೆ ಹೇಳಿಸಿಕೊಂಡೆ.

ಆಮೇಲೆ ಶುರುವಾಯಿತು ನೋಡಿ ನನ್ನ ಸುಗ್ಗಿ. ಭಾನುವಾರ ಬಂತೆಂದರೆ ನಮ್ಮ ಮನೆಗೆ ನೆಂಟರು ಪೌಡರ್ ಹಚ್ಚಿಕೊಂಡೇ ಬರುತ್ತಿದ್ದರು. ಒಬ್ಬರು ಮಾರಾಟಕ್ಕಿಟ್ಟ ಹಳೆಯ ಸ್ಕೂಟರನ್ನು ತಳ್ಳಿಕೊಂಡು ಬಂದು ಅದರ ಫೋಟೋ ತೆಗೆಸಿದರು, ತುಕ್ಕೆಲ್ಲ ಮಾಯ. ಗಿರಿಜಳ ದೊಡ್ಡಪ್ಪ, ತೊಂಬತ್ತರ ಹತ್ತಿರದವರು, ಗರಿಗರಿ ಪಂಚೆಯುಟ್ಟು ಬಂದು, “ನಾಳೆ ಗೋಡೆಗೆ ಹಾಕೋಕೆ ಒಂದು ಬೇಕಾಗುತ್ತಲ್ಲಪ್ಪ, ಈಗಲೇ ಚೆನ್ನಾಗಿ ತೆಗೆದುಬಿಡು” ಎಂದರು. ತೆಗೆದೆ. ಅದರಲ್ಲಿ ಅವರ ತೇಜಸ್ಸು ಹೇಗಿತ್ತೆಂದರೆ, ಅವರೆದುರಿಗೇ ಇಬ್ಬರು ಫೋಟೋಕ್ಕೆ ಕೈಮುಗಿದರು. ದೊಡ್ಡಪ್ಪನವರೂ ಮುಗಿದರು. ನಾನು ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಬೆಳಕು ಎಡಗಡೆಯಿಂದ ಬರಬೇಕು, ಕ್ಲಿಕ್ಕಿಸುವಾಗ ಉಸಿರು ಬಿಗಿಹಿಡಿಯಬೇಕು, ಅದೆಲ್ಲ ಹುಟ್ಟಿನಿಂದ ಬರಬೇಕು ಎಂದೆಲ್ಲ ಭಾಷಣ ಬಿಗಿಯುತ್ತಿದ್ದೆ.

ಇಲ್ಲಿ ನನ್ನ ಬಾಮೈದ ಲೋಕೇಶನ ವಿಷಯ ಹೇಳಬೇಕು. ಗಿರಿಜಳ ತಮ್ಮ, ಮೂವತ್ತನಾಲ್ಕು ವರ್ಷ. ಅತ್ತೆಯ ಜೊತೆ ಲಗ್ಗೆರೆಯಲ್ಲೇ ನಮ್ಮ ಪಕ್ಕದ ಬೀದಿಯಲ್ಲಿದ್ದು, ಒಂದು ಶೆಡ್ಡಿನಲ್ಲಿ ಕಬ್ಬಿಣ ಸಾಣೆ ಹಿಡಿಯುವ ಎರಡು ಗ್ರೈಂಡಿಂಗ್ ಮೆಷಿನ್ ಇಟ್ಟುಕೊಂಡಿದ್ದಾನೆ. ಬಂಗಾರದಂಥ ಮನುಷ್ಯ. ಚಿಕ್ಕಂದಿನಲ್ಲಿ ಅಮ್ಮ ಎದ್ದಾಗ, ಅಂದರೆ ಸೀತಾಳೆ ಸಿಡುಬು ಬಂದಾಗ, ಉಳಿದ ಕಲೆಗಳು ಮುಖದ ತುಂಬ ಇವೆ, ಅಷ್ಟೇ. ಆ ಅಷ್ಟಕ್ಕೇ ಹನ್ನೊಂದು ಹೆಣ್ಣಿನ ಕಡೆಯವರು ಫೋಟೋ ನೋಡಿಯೇ ಬೇಡವೆಂದಿದ್ದರು. ಒಬ್ಬರಾದರೂ ಮನೆಗೆ ಬಂದು ಅವನ ಕೈಯಿಂದ ಒಂದು ಲೋಟ ನೀರು ಇಸಿದುಕೊಂಡು ಕುಡಿದವರಿಲ್ಲ. ಹನ್ನೆರಡನೆಯ ಸಲ ನಾನು ತೆಗೆದ ಮುಖದ ಫೋಟೋ ಸರ್ಜಾಪುರದ ಒಂದು ಮನೆಗೆ ಹೋಯಿತು. ಹುಡುಗಿ ಪವಿತ್ರ, ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಅಸೆಂಬ್ಲಿ ಲೈನಿನ ಕೆಲಸ. ಮಾರನೆಯ ದಿನವೇ ಉತ್ತರ ಬಂತು: ಹುಡುಗ ಲಕ್ಷಣವಾಗಿದ್ದಾನೆ, ನಿಂತಿರುವ ಫೋಟೋ ಇನ್ನೊಂದು ಕಳಿಸಿ. ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದರು. ಲೋಕೇಶ ಮಾತ್ರ ನನ್ನನ್ನು ಬಾಗಿಲ ಹೊರಗೆ ಕರೆದು, “ಇದೂ ಆಗ್ಲಿಲ್ಲ ಅಂದ್ರೆ ಇನ್ಮೇಲೆ ಯಾರಿಗೂ ಕಳಿಸೋದು ಬೇಡ ಭಾವ, ಸಾಕಾಗೋಗಿದೆ” ಎಂದ. ನಾನು ಅವನ ಬೆನ್ನು ತಟ್ಟಿ, “ನಾನಿಲ್ವೇನೋ” ಎಂದೆ.

ಆ ವಾರವೇ ನನ್ನ ಫೋನಿಗೆ ಅಪ್‌ಡೇಟಿನ ಚಪಲ ಹತ್ತಿತ್ತು. ಈಗ ಮಾಡಲೇ, ಆಮೇಲೆ ಮಾಡಲೇ ಎಂದು ಗಂಟೆಗೊಮ್ಮೆ ಕೇಳುತ್ತಿತ್ತು. ನಾನು ಆಮೇಲೆ, ಆಮೇಲೆ ಎನ್ನುತ್ತ ಬಂದಿದ್ದೆ. ಶನಿವಾರ ಕ್ಯಾಂಟೀನಿನಲ್ಲಿ ಊಟ ಮಾಡುವಾಗ ಸಾರು ಮೆತ್ತಿದ ಹೆಬ್ಬೆರಳು ಜಾರಿ ‘ಈಗ’ ಎಂಬುದರ ಮೇಲೆ ಬಿತ್ತು. ಕ್ಯಾಮೆರಾ ಸುಧಾರಣೆ ಮಾಡಲಾಗಿದೆ ಎಂದು ಫೋನು ಹೆಮ್ಮೆಯಿಂದ ತಿಳಿಸಿತು. ಸಂಜೆ ಗೇಟಿನಲ್ಲಿ ಬಸಣ್ಣ ಇರಲಿಲ್ಲ, ಊರಿಗೆ ಹೋಗಿದ್ದ. ಅವನ ಜಾಗದಲ್ಲಿದ್ದ ಹೊಸ ಸೆಕ್ಯೂರಿಟಿ ಭಾರಿ ಶಿಸ್ತಿನ ಮನುಷ್ಯ. ಸ್ಟಿಕ್ಕರ್ ಕಿತ್ತವನೇ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಲೆನ್ಸನ್ನು ಗಸಗಸ ಒರೆಸಿ ಕೊಟ್ಟ. ನಾನು ಥ್ಯಾಂಕ್ಸ್ ಬೇರೆ ಹೇಳಿದೆ.

ಭಾನುವಾರ ಬೆಳಗ್ಗೆ ಲೋಕೇಶನನ್ನು ತಾರಸಿಯ ಮೇಲೆ ನಿಲ್ಲಿಸಿ, ಬೆಳಕನ್ನು ಎಡಗಡೆಯಿಂದ ಬರಿಸಿಕೊಂಡು, ಉಸಿರು ಬಿಗಿಹಿಡಿದು ಕ್ಲಿಕ್ಕಿಸಿದೆ. ತೆಗೆದದ್ದನ್ನು ದೊಡ್ಡದು ಮಾಡಿ ನೋಡಿದೆ. ಕಲೆಗಳು ಒಂದೊಂದೂ ಎಣಿಸುವ ಹಾಗೆ ಕಾಣುತ್ತಿದ್ದವು. ಅಷ್ಟೇ ಅಲ್ಲ, ಹಿಂದಿನ ಮನೆಯವರು ಒಣಹಾಕಿದ ಬನಿಯನ್ನಿನ ತೂತುಗಳೂ ಎಣಿಸುವ ಹಾಗಿದ್ದವು. ಅತ್ತೆ ಫೋನನ್ನು ದೂರಕ್ಕೆ, ಹತ್ತಿರಕ್ಕೆ ಹಿಡಿದು ನೋಡಿದರು.

“ಅಳಿಯಂದ್ರೇ, ಏನ್ ಮಾಡಿದ್ರಿ ಫೋನಿಗೆ?”

“ಏನಿಲ್ಲ ಅತ್ತೆ, ಅಪ್‌ಡೇಟ್ ಒಂದು...”

“ಚೆನ್ನಾಗಿರೋದನ್ನ ಯಾಕ್ ಮುಟ್ಟೋಕೆ ಹೋದ್ರಿ?”

“ಇವರಿಗೆ ಸುಮ್ನೆ ಇರೋಕೇ ಬರಲ್ಲಮ್ಮ” ಎಂದು ಗಿರಿಜ ಸಾಕ್ಷಿ ನುಡಿದಳು. ಲೋಕೇಶ ಫೋನು ಇಸಿದುಕೊಂಡು ಬಹಳ ಹೊತ್ತು ನೋಡಿ, “ಇದೇ ಅಲ್ವಾ ಭಾವ ನಾನು” ಎಂದ. ಅವನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಲಗ್ಗೆರೆ ಮೇನ್ ರೋಡಿನ ಮೊಬೈಲ್ ಅಂಗಡಿಗೆ ಓಡಿದೆ. ಹಳೆಯ ಸಾಫ್ಟ್‌ವೇರನ್ನೇ ವಾಪಸ್ ಹಾಕಿಕೊಡಪ್ಪ ಎಂದೆ. ಅಂಗಡಿಯವನು ಎರಡೂ ಫೋಟೋ ನೋಡಿ, “ಅಣ್ಣ, ಹೊಸದೇ ಸಕ್ಕತ್ತಾಗಿ ಬಂದಿದೆಯಲ್ಲ, ಹಳೇದರಲ್ಲಿ ಏನೋ ಮಸುಕು ಮಸುಕು” ಎಂದ. ಕಲೆಯ ಅರಿವಿಲ್ಲದವನ ಹತ್ತಿರ ಏನು ವಾದ ಎಂದು, “ಆ ಮಸುಕೇ ಬೇಕು ಗುರು” ಎಂದೆ. “ಒಂದ್ಸಲ ಅಪ್‌ಡೇಟ್ ಆದ್ಮೇಲೆ ಹಿಂದಕ್ಕೆ ಹೋಗಲ್ಲ ಅಣ್ಣ, ಬೇಕಾದ್ರೆ ಮುಖ ಬೆಳ್ಳಗೆ ಮಾಡೋ ಆ್ಯಪ್ ಹಾಕ್ಕೊಡ್ತೀನಿ” ಎಂದು ಒಂದನ್ನು ಹಾಕಿದ. ಆ ಆ್ಯಪು ಕಲೆಗಳನ್ನು ತೆಗೆಯಿತು, ನಿಜ. ಜೊತೆಗೆ ಮೀಸೆಯನ್ನು ಅರ್ಧ ತೆಗೆದು, ತುಟಿಗೆ ಬಣ್ಣ ಬಳಿದು, ಕಣ್ಣನ್ನು ಅಗಲ ಮಾಡಿ, ಕೆನ್ನೆ ಕೆಂಪಗೆ ಮಾಡಿತು. ಲೋಕೇಶ ಥೇಟ್ ನಮ್ಮ ಗಿರಿಜಳ ಮದುವೆ ದಿನದ ಫೋಟೋದಂತೆ ಕಂಡ. ಅದನ್ನು ಯಾರಿಗೂ ತೋರಿಸದೆ ಅಳಿಸಿದೆ.

ಸೋಮವಾರ ಗೇಟಿನಲ್ಲಿ ಬಸಣ್ಣ ಹಾಜರಿದ್ದ. ನನ್ನ ಫೋನು ತಿರುಗಿಸಿ ನೋಡಿ ಅವನ ಮುಖವೇ ಬದಲಾಯಿತು. “ಇದೇನ್ರಿ ಸರ, ಯಾರ ತಿಕ್ಯಾರ್ರಿ ಇದನ್ನ? ಎಂಟು ತಿಂಗಳದ ಗೋಂದು ಕುಂತಿತ್ತು, ಕನ್ನಡಿ ಹಂಗ ಆಗಿತ್ತು!”

“ಗೋಂದಾ?”

“ಹೂಂ ಮತ್ತ. ದಿನಾ ಕಿತ್ತಾಗ ಚೂರು ಚೂರು ಉಳೀತಿತ್ತು. ಉಳದವ್ರೆಲ್ಲಾ ಅಲ್ಲೇ ಅಂಗಿ ತುದೀಲೆ ಒರಸ್ಕೋತಿದ್ರು. ನೀವಷ್ಟ ಹಂಗ ಇಟ್ಕೊಂಡು ಹೋಗ್ತಿದ್ರಿ. ಕ್ವಾಲಿಟಿ ಸಾಹೇಬ್ರು, ಏನರ ಕಾರಣ ಇರಬೇಕು ಅಂತ ನಾ ಸುಮ್ಮನಿದ್ದೆ.”

ನಾನು ಆ ದಿನ ಭೂತಗನ್ನಡಿಯೆದುರು ಕೂತು ಎಷ್ಟು ಒಳ್ಳೆಯ ಮಾಲನ್ನು ರಿಜೆಕ್ಟ್ ಮಾಡಿದೆನೋ ಲೆಕ್ಕವಿಲ್ಲ. ಆದರೆ ನಾಚಿಕೆಪಡುತ್ತ ಕೂರಲು ಸಮಯವಿರಲಿಲ್ಲ. ಸರ್ಜಾಪುರದಿಂದ ಎರಡು ಸಲ ಫೋನು ಬಂದಿತ್ತು. ಸಂಜೆ ಒಂದು ಹಾಳೆ ತುಂಬ ಸ್ಟಿಕ್ಕರುಗಳನ್ನು ಮನೆಗೆ ತಂದು, ಎಲ್ಲರನ್ನೂ ಕೂರಿಸಿ ಸತ್ಯ ಒಪ್ಪಿಕೊಂಡೆ. ಅತ್ತೆ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಸೆರಗು ಸಿಕ್ಕಿಸಿಕೊಂಡು, “ಎಂಟು ತಿಂಗಳಿಂದು ಒಂದು ಗಂಟೇಲಿ ಮಾಡಬೇಕು, ಕೊಡಿ ಇಲ್ಲಿ” ಎಂದು ಅರ್ಚನೆಗೆ ಕೂತವರಂತೆ ಚಕ್ಕಳಮಕ್ಕಳ ಹಾಕಿ ಕೂತರು. ಅವರು ಅಂಟಿಸುವುದು, ಗಿರಿಜ ಕೀಳುವುದು, ನಾನು ಎಣಿಸುವುದು. ನೂರು ದಾಟಿದರೂ ಹಳೆಯ ನುಣುಪು ಬರಲಿಲ್ಲವೆಂದು ಗಿರಿಜ ಒಂದು ಹನಿ ತುಪ್ಪ ಸವರಿದಳು. ಲೋಕೇಶ ನೀಲಿ ಶರ್ಟು ತೊಟ್ಟು ಮೂಲೆಯಲ್ಲಿ ಬಲಿಪಶುವಿನ ಹಾಗೆ ನಿಂತಿದ್ದ. ಕ್ಲಿಕ್ಕಿಸಿದರೆ ಬಂದದ್ದು ಒಂದು ದೊಡ್ಡ ಬಿಳೀ ಬೆಳಕು. ಅದರ ನಡುವೆ ಒಂದಿಷ್ಟು ನೀಲಿ, ಕೆಳಗೆ ಎರಡು ಚಪ್ಪಲಿ. ಬೇಡ ಬೇಡ ಎನ್ನುವಷ್ಟರಲ್ಲಿ ಅತ್ತೆ ಅದನ್ನೇ ಕಳಿಸಿಬಿಟ್ಟಿದ್ದರು.

ಎರಡು ದಿನ ಆ ಕಡೆಯಿಂದ ಸದ್ದಿಲ್ಲ. ಲೋಕೇಶ ಶೆಡ್ಡಿನಿಂದ ಊಟಕ್ಕೂ ಬರಲಿಲ್ಲ. ಮೂರನೆಯ ದಿನ ಹುಡುಗಿಯ ತಾಯಿ ಫೋನು ಮಾಡಿ, ಭಾನುವಾರ ನಾವೇ ಬರುತ್ತೇವೆ ಎಂದರು.

ತಾಯಿ, ಮಗಳು ಇಬ್ಬರೇ ಬಂದರು. ಲೋಕೇಶ ನೀರಿನ ಲೋಟ ಹಿಡಿದು ಹೊರಗೆ ಬಂದವನು, ಯಾರೂ ಏನೂ ಕೇಳುವ ಮೊದಲೇ, “ಫೋಟೋ ನಂದೇ ಮೇಡಂ, ಆದ್ರೆ ಮುಖ ಗೋಂದಿಂದು. ನಾನು ಇರೋದು ಹಿಂಗೇ” ಎಂದುಬಿಟ್ಟ. ಅತ್ತೆ ಕಣ್ಣು ಮುಚ್ಚಿಕೊಂಡರು. ನಾನು ಬಾಗಿಲ ಮರೆಗೆ ಸರಿದೆ. ಗಿರಿಜ ನನ್ನನ್ನು ಹೊರಗೆಳೆದು ನಿಲ್ಲಿಸಿ ಸ್ಟಿಕ್ಕರಿನ ಕಥೆಯನ್ನೆಲ್ಲ ಹೇಳಿದಳು. ಪವಿತ್ರ ನಕ್ಕಳು. ಅವನನ್ನು ನೋಡಿ ಅಲ್ಲ, ವಿಷಯವೆಲ್ಲ ಕೇಳಿ ನನ್ನನ್ನು ನೋಡಿ. “ನಮ್ ಕಂಪ್ನೀಲೂ ಸ್ಟಿಕ್ಕರ್ ಅಂಟಿಸ್ತಾರೆ ಸಾರ್. ಎಂಟು ತಿಂಗಳು ನೀವು ಒರೆಸ್ಕೊಳ್ಳಲೇ ಇಲ್ವಾ?”

“ಚೆಂದಾಗಿರೋ ಫೋಟೋ ಬೇಕಾದಷ್ಟು ಬಂದ್ವು ಕಣಪ್ಪ” ಎಂದು ತಾಯಿ ಲೋಕೇಶನಿಗೆ ಹೇಳಿದರು. “ಇವಳು ನೋಡ್ದೇಟ್ಗೆ ಬ್ಯಾಡ ಬ್ಯಾಡ ಅಂತಿದ್ಲು. ನಿಂದು ಎರಡ್ನೇದು ನೋಡುದ್ರೆ ಹುಡ್ಗ ಅವ್ನೋ ಇಲ್ವೋ ಅಂತ್ಲೇ ಗೊತ್ತಾಗ್ನಿಲ್ಲ. ಅಂಗಾಗಿ ಹೋಗಿ ನೋಡ್ಕಂಡೇ ಬರಾನ ಅಂತ ಬಂದ್ವಿ.” ಪವಿತ್ರ ಲೋಕೇಶನ ಕೈಯಿಂದ ಲೋಟ ಇಸಿದುಕೊಂಡು ನೀರು ಕುಡಿದಳು. ಆಮೇಲೆ ಶೆಡ್ಡು ನೋಡಬೇಕೆಂದಳು. ಇಬ್ಬರೂ ಹೋದವರು ಒಂದೂವರೆ ಗಂಟೆ ಬರಲೇ ಇಲ್ಲ. ಗ್ರೈಂಡಿಂಗ್ ಮೆಷಿನ್‌ನಲ್ಲಿ ನೋಡಲು ಅಷ್ಟೇನಿರುತ್ತದೆ? ವಾಪಸ್ ಬಂದಾಗ ಲೋಕೇಶನ ಮುಖಕ್ಕೆ ಯಾವ ಗೋಂದೂ ಬೇಕಿರಲಿಲ್ಲ. ನನಗೆ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ಈ ಮದುವೆ ಕುದುರಿದ್ದು ನನ್ನ ಫೋಟೋದಿಂದಲೇ ಎಂದು ನಾನು ಈಗಲೂ ವಾದಿಸುತ್ತೇನೆ. ಯಾರೂ ಒಪ್ಪುವುದಿಲ್ಲ. ನಿಶ್ಚಿತಾರ್ಥಕ್ಕೆ ದೊಡ್ಡ ಕ್ಯಾಮೆರಾದವರನ್ನು ಕರೆಸಿದ್ದರು. ನೀವು ಫೋನು ಜೇಬಿನಿಂದ ತೆಗೆಯಲೇಕೂಡದು ಎಂದು ಗಿರಿಜ ಬೆಳಗ್ಗೆಯೇ ತಾಕೀತು ಮಾಡಿದ್ದಳು. ಸುಮ್ಮನೆ ನಿಂತಿದ್ದ ನನ್ನನ್ನು ಕಂಡು ಫೋಟೋಗ್ರಾಫರ್, “ಸಾರ್, ನೀವು ಫ್ರೀ ಇದೀರಲ್ಲ, ಸ್ಟ್ಯಾಂಡ್ ಮುರಿದೋಗಿದೆ, ಈ ಲೈಟ್ ಸ್ವಲ್ಪ ಎತ್ತಿ ಹಿಡ್ಕೊಳ್ತೀರಾ?” ಎಂದ. ಬೆಳಗಿನಿಂದ ಊಟದ ಹೊತ್ತಿನವರೆಗೆ ಹಿಡಿದುಕೊಂಡಿದ್ದೆ. ಬೆಳಕು ಬಲಗಡೆಯಿಂದ ಬರುತ್ತಿತ್ತು. ಹೇಳೋಣವೆಂದುಕೊಂಡೆ, ಧೈರ್ಯ ಬರಲಿಲ್ಲ.

ತಿಂಗಳ ನಂತರ ಆಲ್ಬಮ್ ಬಂತು. ದಪ್ಪ ರಟ್ಟಿನದು, ಐವತ್ತು ಪುಟ. ಲೋಕೇಶ, ಪವಿತ್ರ, ಅತ್ತೆ, ದೊಡ್ಡಪ್ಪ, ಅಡುಗೆಯವರು, ಪಕ್ಕದ ಛತ್ರಕ್ಕೆ ಹೋಗಬೇಕಾಗಿದ್ದು ತಪ್ಪಿ ಬಂದವರು, ಎಲ್ಲರೂ ಇದ್ದರು. ನಾನು ಮಾತ್ರ ಎಲ್ಲಿಯೂ ಇರಲಿಲ್ಲ. ಎರಡನೇ ಸಲ ಮೊದಲಿಂದ ತಿರುವಿದಾಗ ಗಿರಿಜ ಒಂದು ಕಡೆ ಬೆರಳಿಟ್ಟಳು. ಉಂಗುರ ತೊಡಿಸುವ ಫೋಟೋದ ಮೇಲ್ಮೂಲೆಯಲ್ಲಿ, ಲೈಟಿನ ಕೋಲು ಹಿಡಿದ ಒಂದು ಮುಷ್ಟಿ. “ರೀ, ನೋಡಿ ಇಲ್ಲಿ” ಎಂದಳು, ನಿಜವಾದ ಸಂತೋಷದಿಂದ. “ನಿಮ್ಮ ಕೈ ಎಷ್ಟು ಕ್ಲಿಯರ್ ಆಗಿ ಬಂದಿದೆ!”