ಎಲ್ಲರ ಸಲಹೆ ಸೇರಿಸಿದ ಕೈಪಿಡಿ

ಚನ್ನಗಿರಿಯ ಅಡಿಕೆ ಮಂಡಿಯೊಂದರಲ್ಲಿ ನಾನು ಲೆಕ್ಕ ಬರೆಯುವ ರೈಟರ್. ಅಡಿಕೆ ಆರಿಸಲು ಹೊಸದಾಗಿ ಬಂದ ಹೆಣ್ಣುಮಕ್ಕಳಿಗಾಗಿ ಒಂದು ಕೈಪಿಡಿ ಬರೆಯಲು ಸಾಹುಕಾರರು ಹೇಳಿದರು. ಚೆನ್ನಾಗಿ ಬಂದರೆ ತರಬೇತಿಯ ಹೊಣೆಯೂ ನನಗೇ! ಸಂಜೆಯೊಳಗೆ ಇಡೀ ಬೀದಿಗೆ ಸುದ್ದಿ ಮುಟ್ಟಿಸಿದೆ.

"ನೀವು ಅಡಿಕೆ ಆರ್ಸಿದ್ದು ಯಾವಾಗ ರೀ?" ಎಂದಳು ಹೆಂಡತಿ ಶೈಲಾ.

"ಬರೆಯಾಕೆ ಆರ್ಸಿರಬೇಕು ಅಂತೇನೈತೆ?" ಎಂದೆ ಗಂಭೀರವಾಗಿ.

ಫೋನಿನಲ್ಲೇ ನಾಲ್ಕು ಪುಟ ಬರೆದು ಮೂವರಿಗೆ ಕಳಿಸಿ ಅಭಿಪ್ರಾಯ ಕೇಳಿದೆ. ಹಿರಿಯರ ಮಾತು ತೆಗೆದುಹಾಕುವ ಅಭ್ಯಾಸ ನಮ್ಮ ಮನೆತನದಲ್ಲೇ ಇಲ್ಲ. ಧೂಳು ತಡೆಯಲು ಮೂಗಿಗೆ ಬಟ್ಟೆ ಕಟ್ಟುವ ವಿಷಯ ಮೊದಲು ಬರಲಿ ಎಂದರು ಸಾಹುಕಾರರು. ಕೊನೆಗೆ ಬರಲಿ ಎಂದ ತೂಕದ ಮಂಜಪ್ಪ. ಎರಡೂ ಕಡೆ ಹಾಕಿದೆ! ಹೀಗೇ ಸೇರಿಸುತ್ತಾ ನಾಲ್ಕು ಪುಟ ಹನ್ನೊಂದಾಯಿತು.

ಉಳಿದವಳು ಗಂಗಕ್ಕ. ಮಂಡಿಯಲ್ಲಿ ಅಡಿಕೆ ಆರಿಸುತ್ತಲೇ ತಲೆ ನರೆತವಳು. ಮೊಮ್ಮಗಳ ಕೈಲಿ ಬರೆಸಿ ವಾಟ್ಸಾಪಿನಲ್ಲಿ ಉದ್ದನೆಯ ಸಂದೇಶ ಕಳಿಸಿದ್ದಳು. "ನೋಡಾಕೆ ಚೆಂದೈತೆ" ಎಂಬ ಮೊದಲ ಸಾಲಿಗೇ ನಾನು ಉಬ್ಬಿಹೋದೆ.

"ರೀ, ಮಂಡಕ್ಕಿ ಮೆತ್ತಗಾಗ್ತೈತೆ, ಬರ್ರೀ!" ಎಂದು ಶೈಲಾ ಕೂಗಿದಳು.

ಉಳಿದದ್ದನ್ನು ಓದದೆ ಐದನೇ ಪುಟಕ್ಕೆ ಅಂಟಿಸಿ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಕಡೆ ಓಡಿದೆ.

ತರಬೇತಿಯ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತೆ. ಪಕ್ಕದಲ್ಲಿ ಸಾಹುಕಾರರು. ಉಬ್ರಾಣಿಯಿಂದ ಬಂದ ಹೊಸ ಹುಡುಗಿ ಐದನೇ ಪುಟವನ್ನು ಗಟ್ಟಿಯಾಗಿ ಓದಿದಳು:

"ರೈಟ್ರೇ, ಒಳ್ಳೆ ಬೆಟ್ಟೆ ಅಡಿಕೆ ಯಾವ್ದು, ಕಳಪೆ ಗೊರಬಲು ಯಾವ್ದು ಅಂತ ನಿಮಗೇ ಗೊತ್ತಿಲ್ಲ. ಮೊದ್ಲು ನನ್ನ ಪಕ್ಕ ಎಲ್ಡು ದಿನ ಕೂತು ಕಲೀರಿ."

ಇಡೀ ಮಂಡಿ ನಕ್ಕಿತು. ಸಾಹುಕಾರರು ಮಾತ್ರ ನಗಲಿಲ್ಲ.

"ಕೈಪಿಡಿಯಾಗೆ ಬರ್ದೈತಲ್ಲ, ಹಂಗೇ ಮಾಡ್ರಿ."

ಇಸ್ತ್ರಿ ಅಂಗಿಯಲ್ಲೇ ಗಂಗಕ್ಕನ ಪಕ್ಕ ಕೂತೆ. ನಾನು ಬೆಟ್ಟೆ ಎಂದು ಹಾಕಿದ್ದನ್ನೆಲ್ಲ ಗಂಗಕ್ಕ ಪಕ್ಕದಲ್ಲಿ ಬೇರೆ ಗುಡ್ಡೆ ಹಾಕುತ್ತಿದ್ದಳು. ಅವಳ ಚೀಲದಿಂದ ಎಲೆ ಅಡಿಕೆ ಹಾಕಿಕೊಂಡು ಊರ ಸುದ್ದಿ ಕೇಳುತ್ತಾ ಕೂತಿದ್ದರಿಂದ ನನಗೇನೂ ಬೇಸರವಾಗಲಿಲ್ಲ. ನಿಜ ಹೇಳಬೇಕೆಂದರೆ, ಕುರ್ಚಿಗಿಂತ ಅದೇ ಹಿತವಾಗಿತ್ತು.

ಎರಡನೇ ದಿನ ಸಂಜೆ ಕೇಳಿದೆ: "ಹೆಂಗೈತೆ ಗಂಗಕ್ಕ, ನನ್ನ ಗುಡ್ಡೆ? ಮೂಟೆಗೆ ಸುರಿದುಬಿಡ್ಲಾ?"

"ಬ್ಯಾಡ್ರಿ, ಹಂಗೇ ಇರ್ಲಿ! ಹೊಸಬ್ರಿಗೆ ಕಲ್ಸಾಕೆ ಬೇಕು. ಆಗೋ ತಪ್ಪೆಲ್ಲ ಒಂದೇ ಕಡೆ ಐತೆ."

ಹನ್ನೊಂದು ಪುಟದ ಕೈಪಿಡಿ ಈಗ ಗಂಗಕ್ಕನ ಎಲೆ ಅಡಿಕೆ ಚೀಲದ ಕೆಳಗಿದೆ. ತರಬೇತಿಗೆ ನನ್ನ ಗುಡ್ಡೆಯನ್ನೇ ಬಳಸುತ್ತಾರೆ!