ಕಂಬಳಿ ಹೊತ್ತು ಕಡಲಿಗೆ ಹೋದದ್ದು

ಸಮುದ್ರದ ವಿಷಯದಲ್ಲಿ ನನಗೆ ಸಾಕಷ್ಟು ವರ್ಷಗಳ ಅನುಭವವಿತ್ತು. ಅದನ್ನು ನೋಡಿರಲಿಲ್ಲ, ಅಷ್ಟೇ.

ಮಧುಗಿರಿಯ ಒಂದು ಮಾಧ್ಯಮಿಕ ಶಾಲೆಯಲ್ಲಿ ನಾನು ಸಮಾಜ ಪಾಠದ ಟೀಚರು. ಕರಿಹಲಗೆಯ ಎಡಗಡೆ ನೀಲಿ ಸೀಮೆಸುಣ್ಣದಲ್ಲಿ ಅರಬ್ಬೀ ಸಮುದ್ರ ಬಳಿದು, ಬಲಗಡೆ ಬಂಗಾಳ ಕೊಲ್ಲಿ ಬಳಿದು, ಉಬ್ಬರ ಇಳಿತಕ್ಕೆ ಕಾರಣ ಹೇಳದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವಷ್ಟು ಸಮುದ್ರ ನನಗೆ ಗೊತ್ತಿತ್ತು. ತಿಮಿಂಗಿಲ ಮೀನಲ್ಲ, ಅದು ಮರಿಗೆ ಹಾಲೂಡಿಸುವ ಪ್ರಾಣಿ ಎಂದು ಎಷ್ಟು ತರಗತಿಗಳಿಗೆ ಬಾಯಿಪಾಠ ಮಾಡಿಸಿದ್ದೆನೋ ಲೆಕ್ಕವಿಲ್ಲ. ಆದರೆ ನಾನು ಕಣ್ಣಾರೆ ಕಂಡ ಅತಿ ದೊಡ್ಡ ನೀರೆಂದರೆ ಮದಲೂರು ಕೆರೆ. ಅದೂ ಮದುವೆಯೊಂದಕ್ಕೆ ಹೋಗುವಾಗ, ಬಸ್ಸಿನ ಕಿಟಕಿಯಿಂದ. ನಮ್ಮ ಅತ್ತೆಯ ತವರಿನ ಹತ್ತಿರ ಬಲಸಮುದ್ರ ಎಂಬ ಊರಿದೆ. ಆ ಸಮುದ್ರದಲ್ಲಿ ಕಾಲು ತೋಯಿಸಿಕೊಳ್ಳಬೇಕಾದರೆ ಮೊದಲು ಬೋರಿಂಗ್ ಹೊಡೆಯಬೇಕು.

ಎಂಬತ್ತರ ದಶಕದ ಮೊದಲ ವರ್ಷಗಳು. ನನ್ನ ಆಸೆಗೆ ಗಾಳಿ ಹಾಕಿದವರು ಶಿರಾದ ರಹೀಂ ಸಾಬರು. ಅವರಿಗೆ ಒಂದು ಲಾರಿ ಇತ್ತು. ನಮ್ಮ ಕಡೆಯ ಕಡಲೆಕಾಯಿಯನ್ನು ಕರಾವಳಿಗೆ ಮುಟ್ಟಿಸಿ ಬರುತ್ತಿದ್ದರು. ನಮ್ಮನೆಯವರು ದನದ ಆಸ್ಪತ್ರೆಯಲ್ಲಿ ಕಾಂಪೌಂಡರು. ಸಾಬರ ಎಮ್ಮೆಯ ಯಾವುದೋ ಕಾಯಿಲೆ ವಾಸಿ ಮಾಡಿದ್ದರಂತೆ. ಅಂದಿನಿಂದ ಸಾಬರು ಮಧುಗಿರಿಗೆ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಟೀ ಕುಡಿದೇ ಹೋಗುತ್ತಿದ್ದರು.

"ಟೀಚರಮ್ಮಾ, ಸಮುಂದರ್ ನೋಡ್ಬೇಕಂದ್ರೆ ಚಳಿಗಾಲದಾಗೆ ಹೋಗ್ಬೇಕು" ಎಂದರು ಒಂದು ದಿನ. "ಹೊನ್ನಾವರದಿಂದ ಆಚೆ ನಮ್ ದೋಸ್ತ್ ಜಟ್ಟಪ್ಪಂದು ರೂಮವೆ, ದೋಣಿ ಐತೆ. ಏಕ್‌ದಂ ಆರಾಮ್. ಸುಮ್ನೆ ಕೂತಿದ್ರೆ ಸಾಕು, ತಿಮಿಂಗಿಲ ತಾನಾಗೇ ಬಂದು ಸಲಾಂ ಹೊಡೀತದೆ."

ಆ ಸಲಾಮು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಕ್ರಿಸ್‌ಮಸ್ ರಜೆಗೆ ಹೊರಡುವುದೆಂದು ತೀರ್ಮಾನಿಸಿ, ಆ ತೀರ್ಮಾನವನ್ನು ಗಂಡನಿಗೆ ಹೇಳುವ ಮೊದಲೇ ಬೀದಿಗೆಲ್ಲ ಹೇಳಿದೆ. ನಮ್ಮನೆಯವರು ಮಾತು ಕಮ್ಮಿ, ಮೈ ಜಾಸ್ತಿ ಇರುವ ಮನುಷ್ಯ. ಸಮುದ್ರ ಎಲ್ಲಿಗೂ ಓಡಿಹೋಗುವುದಿಲ್ಲ, ನಿವೃತ್ತಿಯಾದ ಮೇಲೆ ನೋಡಿದರಾಯಿತು ಎಂದು ಒಂದೇ ಒಂದು ಸಲ ಅಂದರು. ಅತ್ತೆಗೆ ಮಾತ್ರ ಖುಷಿಯೋ ಖುಷಿ. ಹುಟ್ಟಿದಾಗಿನಿಂದ ಕುರಿಗಳ ಹಿಂದೆ ನಡೆದ ಹೆಂಗಸು. ಒಂದು ಸಲವಾದರೂ ಕುರಿಗಳಿಲ್ಲದೆ ಎಲ್ಲಿಗಾದರೂ ಹೋಗಬೇಕೆಂಬ ಆಸೆ ಅವರಿಗೂ ಇತ್ತು.

ಸಾಮಾನು ಕಟ್ಟುವ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡೆ. ಡಿಸೆಂಬರಿನಲ್ಲಿ ನಮ್ಮ ಕೆರೆ ಏರಿಯ ಮೇಲೆಯೇ ಬೆಳಗಿನ ಹೊತ್ತು ಹಲ್ಲು ಕಟಕಟ ಅನ್ನುತ್ತದೆ. ಇನ್ನು ಅಷ್ಟೊಂದು ನೀರಿರುವ ಕಡೆ ಚಳಿ ಹೇಗಿರಬಹುದು? ಆದ್ದರಿಂದ ತಲೆಗೊಂದರಂತೆ ಉಣ್ಣೆಯ ಸ್ವೆಟರು, ಕಿವಿ ಮುಚ್ಚುವ ಟೋಪಿ, ಅತ್ತೆ ತಮ್ಮ ಕುರಿಗಳ ಉಣ್ಣೆಯಿಂದಲೇ ನೇಯಿಸಿದ್ದ ಕರಿ ಕಂಬಳಿಗಳು, ಎಲ್ಲವನ್ನೂ ತುಂಬಿದೆ. ಕರಾವಳಿಯಲ್ಲಿ ಚಳಿಗಾಲವೂ ಬೆಚ್ಚಗಿರುತ್ತದೆ ಎಂದು ಪಾಠ ಮಾಡಿದವಳೂ ನಾನೇ. ಆದರೆ ಪಾಠ ಮಾಡುವವರಿಗೆ ಅದನ್ನೆಲ್ಲ ನಂಬುತ್ತಾ ಕೂರಲಾಗುವುದಿಲ್ಲ.

ಬಸ್ಸಿನಿಂದ ಬಸ್ಸಿಗೆ ಹತ್ತಿ ಇಳಿದು, ಘಟ್ಟ ಇಳಿಯುವಾಗಲೇ ಅತ್ತೆ ಟೋಪಿ ಕಿತ್ತರು. ಹೊನ್ನಾವರದಲ್ಲಿ ಇಳಿದಾಗ ನಮ್ಮ ಮೂವರ ಮೈಯಿಂದಲೂ ಬೆವರು ಧಾರಾಕಾರವಾಗಿ ಹರಿಯುತ್ತಿತ್ತು. ಅಂಗಿ ಕೂಡ ಇಲ್ಲದೆ ಓಡಾಡುತ್ತಿದ್ದ ಊರಿನವರು, ಕಂಬಳಿ ಹೊತ್ತು ನಿಂತ ನಮ್ಮನ್ನು ನೋಡಿ ದಾರಿ ಬಿಟ್ಟರು. ಯಾವುದೋ ದೇವರ ಹರಕೆ ಇರಬೇಕೆಂದುಕೊಂಡರೋ ಏನೋ.

ಜಟ್ಟಪ್ಪನವರ ವಿಶ್ರಾಂತಿಧಾಮವೆಂದರೆ ಹೆಂಚಿನ ಎರಡು ಕೋಣೆ, ಒಂದು ಜಗಲಿ. ಜಗಲಿಯ ಮುಂದೆ ಉದ್ದಕ್ಕೂ ಮೀನು ಒಣಗಲು ಹಾಕಿದ್ದರು. ಅಲ್ಲಿ ನಿಜವಾಗಿ ಆರಾಮವಾಗಿ ಮೈ ಚಾಚಿ ಮಲಗಿದ್ದದ್ದು ಅವು ಮಾತ್ರ. ಜಟ್ಟಪ್ಪ ಒಳ್ಳೆಯ ಮನುಷ್ಯ. ನಮ್ಮ ಕಂಬಳಿಗಳನ್ನು ನೋಡಿ ಏನೂ ಕೇಳದೆ, ತಣ್ಣನೆಯ ಎಳನೀರು ಕೊಟ್ಟರು.

ಸಮುದ್ರವನ್ನು ಕಂಡು ನಾನು ದಡದಲ್ಲೇ ನಿಂತುಬಿಟ್ಟೆ. ಅತ್ತೆ ನೇರವಾಗಿ ನೀರಿನ ಹತ್ತಿರ ಹೋಗಿ, ಬೊಗಸೆಯಲ್ಲಿ ತುಂಬಿ ಬಾಯಿಗೆ ಹಾಕಿಕೊಂಡು ತೂ ಎಂದು ಉಗಿದರು.

"ಇಷ್ಟು ನೀರು ಇಟ್ಕಂಡು ಏನ್ ಬಂತಮ್ಮ" ಎಂದರು, ಯಾರ ಮೇಲೋ ಕೋಪ ಬಂದವರಂತೆ. "ಒಂದು ಕುರಿಗೂ ಕುಡಿಸಂಗಿಲ್ವಲ್ಲ."

ನಮ್ಮನೆಯವರು ಸಮುದ್ರಕ್ಕೆ ಬೆನ್ನು ಹಾಕಿ ಕೂತಿದ್ದರು. ಮರಳಿನ ಮೇಲೆ ಮೆಲುಕು ಹಾಕುತ್ತಾ ಮಲಗಿದ್ದ ಗಿಡ್ಡ ಹಸುಗಳನ್ನು ನೋಡುತ್ತಿದ್ದರು. ಅದೊಂದು ಅವರ ಕಾಯಿಲೆ. ಯಾರ ಮದುವೆಗೆ ಹೋದರೂ ಮೊದಲು ಕೊಟ್ಟಿಗೆಗೆ ಹೋಗುವ ಮನುಷ್ಯ.

ಮಾರನೆಯ ದಿನ ಬೆಳಿಗ್ಗೆ ತಿಮಿಂಗಿಲದ ಕಾರ್ಯಕ್ರಮ. ಎರಡು ದಿನದ ಕೆಳಗೆ ಆಳದಲ್ಲಿ ಒಂದು ಕಂಡಿತ್ತು, ಅದೃಷ್ಟವಿದ್ದರೆ ಸಿಗುತ್ತದೆ ಎಂದು ಜಟ್ಟಪ್ಪ ಹೇಳಿದ್ದರು. ದೋಣಿ ಸಿದ್ಧವಾಗುವವರೆಗೆ ನಾವು ದಡದಲ್ಲಿದ್ದೆವು. ನಮ್ಮನೆಯವರು ಬಿಸಿಲಿಗೆ ಅಡ್ಡವಾಗಿ ಕರಿ ಕಂಬಳಿಯನ್ನು ತಲೆಗೆ ಕೊಪ್ಪೆ ಹಾಕಿಕೊಂಡು ಮತ್ತೆ ಹಸು ನೋಡುತ್ತಾ ನಿಂತಿದ್ದರು. ನನಗೆ ರೇಗಿತು. ದುಡ್ಡು ಸುರಿದು, ಬಸ್ಸಿನಲ್ಲಿ ಸೊಂಟ ಮುರಿದುಕೊಂಡು ಬಂದದ್ದು ಹಸು ನೋಡುವುದಕ್ಕಾ?

"ಸ್ವಲ್ಪ ನೀರಿಗಾದ್ರೂ ಇಳೀರಿ. ಸಮುದ್ರಕ್ಕೆ ಬಂದು ಕಾಲೂ ನೆನೀಲಿಲ್ಲ ಅಂದ್ರೆ ಏನಂತಾರೆ ಜನ" ಎಂದು ಹೇಳಿ, ಬುತ್ತಿ ತರಲು ಕೋಣೆಗೆ ಹೋದೆ.

ತಿರುಗಿ ಬಂದಾಗ ಅವರಿರಲಿಲ್ಲ. ನೀರಿನ ಅಂಚಿನಲ್ಲಿ ಅವರ ಚಪ್ಪಲಿ ಇತ್ತು. ಪಕ್ಕದಲ್ಲಿ ಅಂಗಿ, ಅಚ್ಚುಕಟ್ಟಾಗಿ ಮಡಿಸಿಟ್ಟಿತ್ತು. ಒಂದು ಅಲೆ ಬಂದು ಚಪ್ಪಲಿಯನ್ನು ಮುಟ್ಟಿ ಹೋಯಿತು. ಮದುವೆಯಾದಾಗಿನಿಂದ ನನ್ನ ಒಂದು ಮಾತನ್ನೂ ಕೇಳದ ಮನುಷ್ಯ, ಇವತ್ತೇ ಕೇಳಬೇಕಿತ್ತೇ?

ಕೂಗಿದೆ. ದಡದ ಉದ್ದಕ್ಕೂ ಅತ್ತಿತ್ತ ಓಡಿದೆ. ಅತ್ತೆ ಗಾಳಿಮರದ ನೆರಳಿನಿಂದ ಎದ್ದು ಬಂದರು. ನಾನು ಅಳುತ್ತಾ ಚಪ್ಪಲಿ ತೋರಿಸಿದೆ. ಅವರು ಚಪ್ಪಲಿಯನ್ನು ನೋಡಿದರು, ಸಮುದ್ರವನ್ನು ನೋಡಿದರು.

"ನನ್ ಮಗ ನೀರಿಗಿಳಿಯೋ ಜಾತಿ ಅಲ್ಲ ಕಣಮ್ಮ. ಹಬ್ಬದ ಎಣ್ಣೆನೀರಿಗೇ ಮೂರ್ ಸಲ ಕೂಗ್ಬೇಕು ಅವನ್ನ. ಎಲ್ಲೋ ಹೋಗವ್ನೆ, ಬತ್ತಾನೆ ಬುಡು" ಎಂದರು.

ಇದು ನೂರಕ್ಕೆ ನೂರು ಸರಿಯಾದ ಮಾತಾಗಿತ್ತು. ಆದರೆ ಅತ್ತೆಯ ಮಾತನ್ನು ಒಪ್ಪಿಕೊಳ್ಳುವ ಅಭ್ಯಾಸ ನನಗೆ ಇರಲಿಲ್ಲ. ನಾನು ಇನ್ನೂ ಜೋರಾಗಿ ಅಳತೊಡಗಿದೆ. ನನ್ನ ಅಳು ನೋಡಿ ಅವರ ಧೈರ್ಯವೂ ಸಡಿಲವಾಯಿತು. ಆ ಅಂಗಿಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡು ಮರಳಿನ ಮೇಲೆ ಕುಕ್ಕರಿಸಿದರು. ಆಗ ನನಗೆ ನಿಜವಾದ ಹೆದರಿಕೆ ಹುಟ್ಟಿತು.

ಜಟ್ಟಪ್ಪ ಒಂದು ಕೂಗು ಹಾಕಿದರು ನೋಡಿ, ಇಡೀ ಕೇರಿ ದಡಕ್ಕೆ ಬಂತು. ಘಟ್ಟದ ಮೇಲಿನವರೊಬ್ಬರು ಮುಳುಗಿದ್ದಾರಂತೆ ಎಂದು ಬಾಯಿಂದ ಬಾಯಿಗೆ ಹೋಯಿತು. ಒಲೆಯ ಮೇಲಿನ ಅನ್ನ ಬಿಟ್ಟು ಹೆಂಗಸರು ಬಂದರು. ಅವರಲ್ಲಿ ರಂಪಣಿ ಎಂಬ ಭಾರಿ ಬಲೆ ಇದೆ. ದೋಣಿಯಲ್ಲಿ ಒಯ್ದು ಕಡಲಿಗೆ ಅರ್ಧಚಂದ್ರದಂತೆ ಬಿಟ್ಟು, ದಡದಲ್ಲಿ ನಿಂತ ಜನ ಎರಡೂ ಕಡೆಯಿಂದ ಹಗ್ಗ ಹಿಡಿದು ಎಳೆಯುತ್ತಾರೆ. ಅಂದು ಬೆಳಿಗ್ಗೆ ಆ ಬಲೆಯನ್ನು ಬಿಟ್ಟದ್ದು ಮೀನಿಗಲ್ಲ, ನನ್ನ ಗಂಡನಿಗೆ.

ನಾನು ದಡದಲ್ಲಿರಲು ಒಪ್ಪಲಿಲ್ಲ. ತಿಮಿಂಗಿಲಕ್ಕೆಂದು ಸಿದ್ಧವಾಗಿದ್ದ ದೋಣಿಯನ್ನೇ ಹತ್ತಿದೆ. ಜಟ್ಟಪ್ಪ ಮತ್ತು ಇನ್ನಿಬ್ಬರು ಹುಟ್ಟು ಹಾಕಿದರು. ಆಳು ಹೇಗಿದ್ದಾರೆ, ಗುರುತು ಏನು ಎಂದು ಕೇಳಿದರು. ಕಪ್ಪಗೆ, ದಪ್ಪಗೆ, ಮೇಲೆ ಕರಿ ಕಂಬಳಿ ಎಂದೆ. ಇಷ್ಟು ಹೇಳುವಷ್ಟರಲ್ಲಿ ದೋಣಿ ಒಂದು ಅಲೆಯ ಮೇಲೆ ಹತ್ತಿ ಇಳಿಯಿತು. ಅದರ ಜೊತೆಗೆ ನನ್ನ ಹೊಟ್ಟೆಯೂ ಹತ್ತಿತು, ಇಳಿಯಲಿಲ್ಲ. ಉಬ್ಬರ ಇಳಿತಕ್ಕೆ ಕಾರಣ ನನ್ನನ್ನು ಆ ಹೊತ್ತಿನಲ್ಲಿ ಯಾರಾದರೂ ಕೇಳಿದ್ದರೆ ನಾನೇ ಬೆಂಚಿನ ಮೇಲೆ ನಿಲ್ಲಬೇಕಾಗುತ್ತಿತ್ತು. ದೋಣಿಯ ಅಂಚು ಹಿಡಿದು ಬೆಳಗಿನ ಉಪ್ಪಿಟ್ಟನ್ನೆಲ್ಲ ಅರಬ್ಬೀ ಸಮುದ್ರಕ್ಕೆ ಒಪ್ಪಿಸಿದೆ. ಒಪ್ಪಿಸುವುದು, ಅಳುವುದು, ಮತ್ತೆ ನೀರು ನೋಡುವುದು. ಈ ಮನುಷ್ಯ ಒಂದು ಸಲ ಸಿಕ್ಕರೆ ಸಾಕು, ಜೀವಮಾನವಿಡೀ ಹಸು ನೋಡಿಕೊಂಡಿರಲಿ ಎಂದು ಎಲ್ಲ ದೇವರಿಗೂ ಹೇಳಿಕೊಂಡೆ.

ಅಷ್ಟರಲ್ಲಿ, ಸ್ವಲ್ಪ ದೂರದಲ್ಲಿ, ನೀರಿನಿಂದ ಕಪ್ಪಗೆ ಏನೋ ಎದ್ದಿತು. ಅಗಲವಾದ ಬೆನ್ನು. ಕಂಬಳಿಯಂತೆಯೇ ಕರಿ.

"ಅಗೋ ಅಲ್ಲಿದಾರೆ" ಎಂದು ಕಿರುಚಿ ಎದ್ದು ನಿಂತೆ. ಜಟ್ಟಪ್ಪ ನನ್ನ ಸೆರಗು ಹಿಡಿದು ಎಳೆಯದಿದ್ದರೆ ನೀರಿಗೇ ಹಾರಿರುತ್ತಿದ್ದೆ. "ರೀ, ಹೆದರ್ಬೇಡಿ, ಬಂದ್ವಿ, ಬಂದ್ವಿ" ಎಂದು ಆ ಬೆನ್ನಿಗೆ ಕೂಗಿ ಹೇಳಿದೆ.

ಬೆನ್ನು ಬುಸ್ ಎಂದು ಆಳೆತ್ತರದ ನೀರ ಹೊಗೆ ಚಿಮ್ಮಿಸಿತು. ನಮ್ಮ ದೋಣಿಗಿಂತ ಉದ್ದಕ್ಕೆ ನಿಧಾನವಾಗಿ ಹೊರಳಿ, ಒಳಗೆ ಹೋಯಿತು. ದೋಣಿಯವರು ಹುಟ್ಟು ನಿಲ್ಲಿಸಿ ನೋಡುತ್ತಿದ್ದರು.

"ಅಮ್ಮಾ" ಎಂದರು ಜಟ್ಟಪ್ಪ, ಬಹಳ ಮೆತ್ತಗೆ. "ಅದು ನಿಮ್ಮ ಯಜಮಾನ್ರು ಅಲ್ಲ. ತಿಮಿಂಗಿಲ."

"ಹಾಗಾದ್ರೆ ಅದು ಬೇಡ, ಮುಂದೆ ಹೋಗಿ" ಎಂದೆ ನಾನು.

ಎಷ್ಟೋ ಹೊತ್ತು ಸುತ್ತಿದರೂ ಏನೂ ಸಿಗಲಿಲ್ಲ. ಬಲೆ ದಡಕ್ಕೆ ಬರುತ್ತಿದೆ, ಅದರಲ್ಲೇ ನೋಡೋಣ ಎಂದು ಜಟ್ಟಪ್ಪ ದೋಣಿ ತಿರುಗಿಸಿದರು. ಆ ಬಲೆಯಲ್ಲಿ ಏನು ಬರಬಹುದೆಂದು ನೆನೆದು ನಾನು ಕಣ್ಣು ಮುಚ್ಚಿಕೊಂಡೆ. ದೋಣಿ ಮರಳಿಗೆ ತಾಗಿದ ಮೇಲೂ ತೆರೆಯಲಿಲ್ಲ. ಯಾರೋ ಕೈ ಹಿಡಿದು ಇಳಿಸಿದರು.

ಕಣ್ಣು ಬಿಟ್ಟರೆ, ಬಲೆಯ ಹಗ್ಗ ಎಳೆಯುತ್ತಿದ್ದ ಸಾಲಿನ ಕೊನೆಯಲ್ಲಿ, ಬನಿಯನ್ನು, ಮೇಲಕ್ಕೆ ಕಟ್ಟಿದ ಪಂಚೆ, ಹೆಗಲ ಮೇಲೆ ಕರಿ ಕಂಬಳಿ, ನಮ್ಮನೆಯವರು ಬೆವರು ಸುರಿಸುತ್ತಾ ಐಸಾ ಅನ್ನುತ್ತಿದ್ದಾರೆ!

ನನ್ನನ್ನು ನೋಡಿ ಗಂಭೀರವಾಗಿ ಹೇಳಿದರು: "ಯಾರೋ ಪಾಪ ಮುಳುಗೋಗವ್ನಂತೆ ಕಣೆ. ನಮ್ ಕಡೆಯೋನಂತೆ. ಬಾ, ನೀನೂ ಒಂದ್ ಕೈ ಹಾಕು."

ನಾನು ಕೈ ಹಾಕಿದೆ. ಹಗ್ಗಕ್ಕಲ್ಲ, ಅವರ ಕೊರಳಿಗೆ. ಆ ಜನರ ಮುಂದೆ, ಒಬ್ಬ ಸರ್ಕಾರಿ ಟೀಚರು, ಉಪ್ಪಿಟ್ಟಿನ ಕಲೆಯ ಸೀರೆಯಲ್ಲಿ. ಅವರಿಗೆ ಏನೂ ಅರ್ಥವಾಗದೆ ಒಂದು ಕೈಯಲ್ಲಿ ಹಗ್ಗ, ಒಂದು ಕೈಯಲ್ಲಿ ನನ್ನನ್ನು ಹಿಡಿದು ನಿಂತರು.

ವಿಷಯವಿಷ್ಟೇ. ನಾನು ಬುತ್ತಿ ತರಲು ಹೋದಾಗ, ನನ್ನ ಮಾತಿಗೆ ಮರ್ಯಾದೆ ಕೊಟ್ಟು ಅಂಗಿ, ಚಪ್ಪಲಿ ಬಿಚ್ಚಿಟ್ಟು ನೀರಿಗೆ ಒಂದು ಹೆಜ್ಜೆ ಇಟ್ಟಿದ್ದರಂತೆ. ಅಷ್ಟರಲ್ಲಿ ಒಂದು ಹಸು ಕುಂಟುತ್ತಾ ಹೋಗುವುದು ಕಂಡಿತು. ಮುಗಿಯಿತಲ್ಲ. ಅದರ ಹಿಂದೆಯೇ ದಿಬ್ಬ ದಾಟಿ, ತೋಪು ದಾಟಿ ಅದರ ಮನೆಯವರೆಗೂ ಹೋಗಿ, ಗೊರಸಿನ ಸಂದಿಗೆ ಚುಚ್ಚಿಕೊಂಡಿದ್ದ ಮೀನಿನ ಗಾಳ ತೆಗೆದು, ಅರಿಶಿನ ಕಟ್ಟಿಸಿ, ಆ ಮನೆಯವರು ಕೊಟ್ಟ ಗಂಜಿ ಉಂಡು ಬಂದರೆ, ದಡದ ತುಂಬ ಜನ. ಯಾರೋ ಮುಳುಗಿದ್ದಾರೆಂದು ಕೇಳಿ, ಯಾರು ಎಂದು ಕೂಡ ವಿಚಾರಿಸದೆ ಹಗ್ಗಕ್ಕೆ ಕೈ ಕೊಟ್ಟಿದ್ದಾರೆ. ತಮ್ಮನ್ನು ತಾವೇ ಅಷ್ಟು ಶ್ರದ್ಧೆಯಿಂದ ಹುಡುಕಿದವರು ಇನ್ನೊಬ್ಬರಿರಲಾರರು.

ಅತ್ತೆ ದೂರದಿಂದ ಎದ್ದು ಬಂದರು. ಅವಸರ ಮಾಡಲಿಲ್ಲ. ಮಗನ ಹತ್ತಿರ ಬಂದು, ಅವನ ಮೋರೆ, ತೋಳು ಎಲ್ಲ ಮುಟ್ಟಿ ನೋಡಿ, ಆಮೇಲೆ ಬೆನ್ನಿಗೆ ಒಂದು ಗುದ್ದು ಹಾಕಿದರು.

"ಏನ್ಲಾ, ಹೇಳಿ ಹೋಗಕ್ಕೆ ಬಾಯಿರ್ಲಿಲ್ವಾ ನಿಂಗೆ" ಎಂದರು. ಮಡಿಲಲ್ಲಿದ್ದ ಅಂಗಿಯನ್ನು ಅವನ ಕೈಗಿತ್ತು, ಮೂಗು ಸೀಟಿಕೊಂಡರು.

ಅಷ್ಟರಲ್ಲಿ ಬಲೆ ದಡ ಮುಟ್ಟಿತು. ಮನುಷ್ಯನಿಗೆಂದು ಬಿಟ್ಟ ಬಲೆಯಲ್ಲಿ ಬಂಗುಡೆ ಮೀನು ಹೊಳೆಹೊಳೆಯುತ್ತಾ ರಾಶಿ ಬಿದ್ದಿತ್ತು. ಕೇರಿಯವರು ನಗುತ್ತಾ ಬುಟ್ಟಿ ತಂದರು. ನಾನು ಕೈ ಮುಗಿದು ಕ್ಷಮೆ ಕೇಳಿದ್ದಕ್ಕೆ ಒಬ್ಬ ಮುದುಕಿ, ನಾಳೆಯೂ ಕಳಕೊಳ್ಳಿ ಅಮ್ಮಾ, ಒಳ್ಳೆಯದೇ ಆಯಿತು ಎಂದಳು. ಜಟ್ಟಪ್ಪನವರು ದೋಣಿಯಲ್ಲಿ ನಡೆದದ್ದನ್ನು ಎಲ್ಲರಿಗೂ ಹೇಳಿದರು. ನಾನು ಬೇಡವೆಂದು ಕಣ್ಸನ್ನೆ ಮಾಡಿದರೂ ಬಿಡಲಿಲ್ಲ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ಮರಳಿನ ಮೇಲೆ ಕೂತು ಕಣ್ಣೊರೆಸಿಕೊಂಡು ನಕ್ಕರು.

ನಮ್ಮನೆಯವರು ಮಾತ್ರ ನಗಲಿಲ್ಲ. ಕೋಣೆಯ ಕಡೆ ನಡೆಯುವಾಗ ಕೇಳಿದರು.

"ಅಷ್ಟು ದಪ್ಪ ಇದೀನಾ?"

ಆ ಮಧ್ಯಾಹ್ನ ಬಂಗುಡೆ ಸಾರಿನಲ್ಲಿ ಊಟ ಮಾಡಿ ಅವರು ಜಗಲಿಯ ಮೇಲೆ ಮಲಗಿದರು. ಜಟ್ಟಪ್ಪ ಬಂದು, ತಿಮಿಂಗಿಲ ಇನ್ನೂ ಅಲ್ಲೇ ಸುತ್ತುತ್ತಿದೆ, ಈಗ ಬಂದರೆ ನಿಧಾನವಾಗಿ, ಚೆನ್ನಾಗಿ ತೋರಿಸುತ್ತೇನೆ ಎಂದು ಕರೆದರು. ಅತ್ತೆ ಸೆರಗು ಕಟ್ಟಿ ತಕ್ಷಣ ಹೊರಟೇಬಿಟ್ಟರು. ನಾನು ಬರುವುದಿಲ್ಲವೆಂದೆ. ಸಂಜೆ ತಿರುಗಿ ಬಂದ ಅತ್ತೆ, ಎರಡು ಕಂಡವು, ಒಂದು ತಾಯಿ, ಒಂದು ಮರಿ, ಪಾಪ ಎಷ್ಟು ಸಾಧು ಎಂದು ತಮ್ಮ ಕುರಿಗಳ ಬಗ್ಗೆ ಹೇಳುವ ಹಾಗೆಯೇ ವರ್ಣಿಸಿದರು.

ನಾನು ಅಷ್ಟು ಹೊತ್ತೂ ಜಗಲಿಯ ಮೇಲೆಯೇ ಕುಳಿತಿದ್ದೆ. ಕಪ್ಪನೆಯ ಅಗಲವಾದ ಬೆನ್ನು ನನ್ನ ಕಡೆ ತಿರುಗಿಸಿ, ಆಗಾಗ ಬುಸ್ಸೆಂದು ಉಸಿರು ಬಿಡುತ್ತಾ ನಮ್ಮನೆಯವರು ಹಾಯಾಗಿ ನಿದ್ದೆ ಮಾಡುತ್ತಿದ್ದರು. ಅವರ ಬನಿಯನ್ನಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು, ತಿಮಿಂಗಿಲ ನೋಡಲು ಬಂದ ಮಧುಗಿರಿಯ ಸಮಾಜ ಪಾಠದ ಟೀಚರು ರಜೆ ಮುಗಿಯುವವರೆಗೂ ರೆಪ್ಪೆ ಮಿಟುಕಿಸದೆ ನೋಡಿದ್ದು ಅದನ್ನೇ.